ಬಿಸಿಲು ಬೇಕಾದಷ್ಟಿದ್ದರೂ ಬ್ಯಾಟರಿ ಖಾಲಿ: ಮೈದನಹಳ್ಳಿಯ ಟ್ರೇಲರ್ ಪ್ರಕರಣ

ತುಮಕೂರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಜೀಪಿನ ಹಿಂದೆ ಎಳೆದುಕೊಂಡು ಹೋಗುವಂಥ ಒಂದು ಟ್ರೇಲರ್ ಮಾಡಿಸಿದ್ದರು. ಎರಡು ಹಾಸಿಗೆ, ಗೇಣಗಲದ ಅಡಿಗೆ ಕಟ್ಟೆ, 12 ವೋಲ್ಟಿನ ಫ್ರಿಜ್, ಫ್ಯಾನು, ಛಾವಣಿ ಮೇಲೊಂದು 330 ವ್ಯಾಟಿನ ಸೋಲಾರ್ ಪ್ಯಾನೆಲ್, ಮಂಚದ ಕೆಳಗೆ ಬ್ಯಾಟರಿ. ಗಂಡ ಹೆಂಡತಿ ಅದನ್ನು ಕಟ್ಟಿಕೊಂಡು ಹೋಗುವುದು ಹೆಚ್ಚಾಗಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ. ಅಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ, ಸುಮಾರು 798 ಎಕರೆ ಬಯಲು ಹುಲ್ಲುಗಾವಲು. ಇವರ ಟ್ರೇಲರ್ ನಿಲ್ಲುವುದು ಅದರೊಳಗಲ್ಲ, ಪಕ್ಕದ ಊರಿನ ಪರಿಚಯದ ರೈತರ ಹೊಲದಲ್ಲಿ, ಒಂದು ದೊಡ್ಡ ಹುಣಸೆ ಮರದಡಿ. ಕರೆಂಟ್ ಇಲ್ಲ. ಇರಬಾರದು ಅಂತಲೇ ಅಲ್ಲಿಗೆ ಹೋಗುವುದು ಅನ್ನಿ.

ದೂರು ಏನೆಂದರೆ, ಹೋದ ಎರಡನೇ ದಿನ ಬೆಳಗಿನ ಜಾವಕ್ಕೆ ಫ್ರಿಜ್ ಕುಯ್ಯೆಂದು ಆಫ್ ಆಗುತ್ತಿತ್ತು. ಟ್ರೇಲರ್ ಕಟ್ಟಿಕೊಟ್ಟವರನ್ನು ಕೇಳಿದ್ದಕ್ಕೆ, 150 ಎಎಚ್ ಸಾಲದು, ಇನ್ನೊಂದು ಬ್ಯಾಟರಿ ಹಾಕಿಸಿ ಅಂದರು. (ಎಎಚ್ ಅಂದರೆ ಆಂಪಿಯರ್-ಅವರ್, ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಎಎಚ್.) ಹಾಕಿಸಿದರು. ಆಗ ಮೂರನೇ ದಿನ ಬೆಳಿಗ್ಗೆ ಆಫ್ ಆಗತೊಡಗಿತು. ಮತ್ತೆ ಕೇಳಿದರೆ, ಎರಡನ್ನೂ ತೆಗೆದು 200 ಎಎಚ್‌ನವೆರಡು ಹಾಕೋಣ ಎಂಬ ಉತ್ತರ. ಅಷ್ಟೊತ್ತಿಗೆ ಮೇಷ್ಟ್ರಿಗೆ ಅನುಮಾನ ಬಂದು ನಮ್ಮ ಅಂಗಡಿಗೆ ಬಂದರು. ನಮ್ಮದು ಇನ್ವರ್ಟರ್, ಸೋಲಾರ್ ಕೆಲಸ. ಅವರು ಬಂದವರೇ ಅಂದಿದ್ದು ಹೀಗೆ: "ಇದೇ ಜಿಲ್ಲೆ ಪಾವಗಡದಲ್ಲಿ ಸಾವಿರಾರು ಎಕರೆಗೆ ಪ್ಯಾನೆಲ್ ಹಾಸಿ ರಾಜ್ಯಕ್ಕೆಲ್ಲ ಕರೆಂಟ್ ಕೊಡ್ತಾರೆ. ನನಗೆ ಒಂದು ಡಬ್ಬಿ ಮೊಸರು ಹುಳಿಯಾಗದಂಗೆ ಇಟ್ಕೊಳ್ಳೋಕಾಗ್ತಿಲ್ವಲ್ಲ!"

ಮಾತು ನ್ಯಾಯವಾದದ್ದೇ. ಪಾವಗಡದ ಸೋಲಾರ್ ಪಾರ್ಕ್ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ಈ ಸೀಮೆಯಲ್ಲಿ ಮಳೆ ಕಡಿಮೆ ಇರಬಹುದು, ಬಿಸಿಲಿಗೆ ಬರವಿಲ್ಲ. ಹಾಗಾದರೆ ಆ ಬಿಸಿಲು ಬ್ಯಾಟರಿಗೆ ಯಾಕೆ ತಲುಪುತ್ತಿಲ್ಲ ಅನ್ನುವುದೇ ಪ್ರಶ್ನೆ.

ಮಂಚದ ಕೆಳಗೆ

ಟ್ರೇಲರ್ ಆಗ ತುಮಕೂರಿನಲ್ಲಿ ಅವರ ಮನೆ ಪಕ್ಕದ ಸೈಟಿನಲ್ಲಿ ನಿಂತಿತ್ತು. ಮನೆಯಿಂದ ವೈರ್ ಎಳೆದು ಚಾರ್ಜಿಗೆ ಹಾಕಿದ್ದರು. ಒಳಗಿನ ಗೋಡೆಯ ಮೀಟರ್ 13.6 ವೋಲ್ಟ್ ತೋರಿಸುತ್ತಿತ್ತು, ಪಕ್ಕದಲ್ಲಿ ಹಸಿರು ದೀಪ. "ಹೋದ ಸಲ ಬಂದಾಗಿನಿಂದ ಚಾರ್ಜಲ್ಲೇ ಇದೆ, ಫುಲ್ ಆಗಿದೆ ನೋಡಿ" ಅಂದರು.

ಮಂಚದ ಹಲಗೆ ಎತ್ತಿದರೆ ಮೊದಲು ಮೂಗಿಗೆ ಬಡಿದದ್ದು ಆಸಿಡ್ ಘಾಟು. ನೀರು ಹಾಕುವ ಸೀಸದ ಬ್ಯಾಟರಿ, ಟ್ಯೂಬುಲರ್ ಅನ್ನುವ ಜಾತಿಯದು, ಎರಡಿದ್ದವು, ಒಂದು ಹಳೆಯದು, ಒಂದು ಆಮೇಲೆ ಸೇರಿಸಿದ್ದು, ಎರಡನ್ನೂ ಸಮಾನಾಂತರವಾಗಿ ಜೋಡಿಸಿದ್ದರು. ಹಳೆಯದರ ಟರ್ಮಿನಲ್ ಮೇಲೆ ಬಿಳಿಹಸಿರು ಬೂಷ್ಟು ಹೆಪ್ಪುಗಟ್ಟಿತ್ತು. ನೀರಿನ ಮಟ್ಟ ತೋರಿಸುವ ತೇಲುಗಡ್ಡಿಗಳಲ್ಲಿ ಮೂರು ಕೆಂಪು ಗೆರೆಗೆ ಇಳಿದಿದ್ದವು. ಬಿರಡೆ ತೆಗೆದು, ಆಸಿಡ್ ಎಷ್ಟು ಗಟ್ಟಿ ಅಂತ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟರೆ ಹಳೆಯದರ ಐದು ಸೆಲ್‌ಗಳಲ್ಲಿ 1.180ರ ಆಸುಪಾಸು, ಒಂದರಲ್ಲಿ 1.120. ಹೊಸದರಲ್ಲಿ 1.200. ನಮ್ಮಲ್ಲಿ ಸಿಗುವ ಟ್ಯೂಬುಲರ್ ಬ್ಯಾಟರಿ ಪೂರ್ತಿ ತುಂಬಿದಾಗ 27 ಡಿಗ್ರಿ ಉಷ್ಣತೆಯಲ್ಲಿ 1.240 ತೋರಿಸಬೇಕು. ಹಸಿರು ದೀಪ ಏನಾದರೂ ಹೇಳಲಿ, ಎರಡೂ ಅರೆಬರೆ.

ಕಾರಣ ಆ 13.6. ಅದು ತುಂಬಿದ ಬ್ಯಾಟರಿಯನ್ನು ಹಾಗೇ ಕಾಯ್ದುಕೊಳ್ಳುವ ವೋಲ್ಟೇಜ್, ಖಾಲಿಯಾದದ್ದನ್ನು ತುಂಬಿಸುವುದಲ್ಲ. ಸೀಸದ ಬ್ಯಾಟರಿ ತುಂಬಬೇಕಾದರೆ 14.4ರ ಹತ್ತಿರ ಹತ್ತಾರು ನಿಮಿಷವಲ್ಲ, ಗಂಟೆಗಟ್ಟಲೆ ನಿಲ್ಲಬೇಕು. ಆಗ ಒಳಗೆ ಗುಳ್ಳೆ ಎದ್ದು ಆಸಿಡ್ ಕಲಕುತ್ತದೆ. ಟ್ಯೂಬುಲರ್ ಡಬ್ಬಿ ಎತ್ತರ ಇರುವುದರಿಂದ, ಗುಳ್ಳೆ ಏಳದಿದ್ದರೆ ಗಟ್ಟಿ ಆಸಿಡ್ ತಳದಲ್ಲಿ, ತೆಳು ಆಸಿಡ್ ಮೇಲೆ ಹಾಗೇ ಪದರ ಕಟ್ಟಿ ಕೂರುತ್ತದೆ. ಅರೆ ಚಾರ್ಜಿನಲ್ಲಿ ತಿಂಗಳುಗಟ್ಟಲೆ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕಚ್ಚಿಕೊಂಡು ಸಾಮರ್ಥ್ಯವೇ ಕುಗ್ಗುತ್ತದೆ. ನನ್ನ ಅನುಭವದಲ್ಲಿ ಬ್ಯಾಟರಿ ಬೇಗ ಸಾಯುವುದು ಹೆಚ್ಚು ಬಳಸಿದ್ದಕ್ಕಿಂತ ಹೀಗೆ ಎಂದೂ ಪೂರ್ತಿ ತುಂಬದೆ ಇದ್ದದ್ದಕ್ಕೆ. ಒಂದು ಸೆಲ್ ಕೆಟ್ಟ ಹಳೆಯದಕ್ಕೆ ಹೊಸದನ್ನು ಜೋಡಿಸಿದ್ದು ಇನ್ನೊಂದು ಎಡವಟ್ಟು. ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ.

ಘಾಟಿನ ವಿಷಯ ಪ್ರತ್ಯೇಕವಾಗಿ ಹೇಳಬೇಕು. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದನ್ನು ಗಾಳಿಯಾಡದ ಮಂಚದ ಪೆಟ್ಟಿಗೆಯಲ್ಲಿಟ್ಟು ಅದರ ಮೇಲೆ ಮಲಗುವುದು, ಪಕ್ಕದಲ್ಲೇ ಗ್ಯಾಸ್ ಒಲೆ ಹಚ್ಚುವುದು! ಇದನ್ನು ಕಟ್ಟಿಕೊಟ್ಟವರಿಗೆ ಹೊಳೆಯಲಿಲ್ಲವೇ ಅನ್ನಿಸಿತು. ಬೇರೆಲ್ಲ ಕೆಲಸಕ್ಕೆ ಮೊದಲು ಆ ಪೆಟ್ಟಿಗೆಯನ್ನು ಒಳಗಿನಿಂದ ಬಿಗಿಯಾಗಿ ಮುಚ್ಚಿ, ಮೇಲ್ತುದಿಯಿಂದ ಹೊರಗೆ ಪೈಪ್ ಕೊಟ್ಟು, ಕೆಳಗೆ ಗಾಳಿ ಬರಲು ಕಿಂಡಿ ತೆಗೆಸಿದೆವು.

ಹೊರಹೋಗುವುದೆಷ್ಟು

ಮೇಷ್ಟ್ರ ಲೆಕ್ಕದಲ್ಲಿ ಅವರ ಖರ್ಚು ದಿನಕ್ಕೆ 60 ಎಎಚ್. ಶಂಟ್ (ಹರಿಯುವ ಕರೆಂಟ್ ಅಳೆಯುವ ತುಂಡು) ಇರುವ ಒಂದು ಬ್ಯಾಟರಿ ಮಾನಿಟರ್ ಹಾಕಿ ಮೈದನಹಳ್ಳಿಗೆ ಕಳಿಸಿದೆ. ಒಳಗೆ ಬಂದ, ಹೊರಗೆ ಹೋದ ಪ್ರತಿ ಆಂಪಿಯರ್ ಅದು ಕೂಡಿ ಕಳೆದು ಇಡುತ್ತದೆ. ಮಾರ್ಚ್ ಸೆಖೆಯಲ್ಲಿ ಒಂದು ಇಡೀ ದಿನಕ್ಕೆ ಬಂದ ಲೆಕ್ಕ 120.

ಫ್ರಿಜ್ 45. ಓಡುವಾಗ 45 ವ್ಯಾಟ್ ಎಳೆಯುತ್ತದೆ, ಆ ಸೆಖೆಗೆ ದಿನದ ಅರ್ಧ ಹೊತ್ತು ಓಡುತ್ತಲೇ ಇತ್ತು. ಫ್ಯಾನು 20, ದೀಪ 4, ನೀರಿನ ಪಂಪು 2, ಮೊಬೈಲು, ಕ್ಯಾಮೆರಾ, ಲ್ಯಾಪ್‌ಟಾಪ್ ಎಲ್ಲ ಸೇರಿ 13. ಇವೆಲ್ಲ ಕರೆಂಟ್ ತಿನ್ನುತ್ತವೆ ಅಂತ ಅವರಿಗೂ ಗೊತ್ತಿತ್ತು. ಉಳಿದ 36 ಎಲ್ಲಿ ಹೋಯಿತು?

ಇನ್ವರ್ಟರಿಗೆ. ಅದಕ್ಕೆ ಏನೂ ಸಿಕ್ಕಿಸದೆ, ಬರೀ ಆನ್ ಮಾಡಿ ಬಿಟ್ಟಾಗ, ವೈರಿಗೆ ಕಚ್ಚಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರಿನಲ್ಲಿ 1.5 ಆಂಪಿಯರ್ ಕಾಣುತ್ತಿತ್ತು. 18 ವ್ಯಾಟು, ದಿನಕ್ಕೆ 24 ಗಂಟೆ. ಮೊಬೈಲ್ ಚಾರ್ಜ್ ಮಾಡಲು ಆನ್ ಮಾಡಿದ್ದನ್ನು ಆಫ್ ಮಾಡುವ ಅಭ್ಯಾಸವೇ ಅವರಿಗಿರಲಿಲ್ಲ, ಯಾಕೆಂದರೆ ಸ್ವಿಚ್ ಇದ್ದದ್ದು ಮಂಚದ ಕೆಳಗೆ, ಇನ್ವರ್ಟರಿನ ಮೈಮೇಲೆ. ಹೆಚ್ಚುಕಡಿಮೆ ಇನ್ನೊಂದು ಫ್ರಿಜ್ ಓಡಿಸುವಷ್ಟು ಕರೆಂಟ್ ದಿನಾ ಹೀಗೆ ಸುಮ್ಮನೆ ಬಿಸಿಯಾಗಿ ಹೋಗುತ್ತಿತ್ತು. ಹಾಸಿಗೆ ಪಕ್ಕಕ್ಕೆ ಒಂದು ರಿಮೋಟ್ ಸ್ವಿಚ್ ತಂದೆವು, ಮೊಬೈಲಿಗೆ ನೇರ 12 ವೋಲ್ಟಿನ ಯುಎಸ್‌ಬಿ ಸಾಕೆಟ್, ಲ್ಯಾಪ್‌ಟಾಪಿಗೆ ಕಾರಿನ ಅಡಾಪ್ಟರ್ ಕೊಟ್ಟೆವು. ಈಗ ಇನ್ವರ್ಟರ್ ಆನ್ ಆಗುವುದು ಚಟ್ನಿಗೆ ಮಿಕ್ಸಿ ತಿರುಗಿಸುವಾಗ, ಕ್ಯಾಮೆರಾ ಚಾರ್ಜರ್ ಹಾಕುವಾಗ ಮಾತ್ರ. ಅಂದಹಾಗೆ ಮಿಕ್ಸಿಯನ್ನು ಎಲ್ಲರೂ ಬೈಯುತ್ತಾರೆ. 500 ವ್ಯಾಟಿನ ಮಿಕ್ಸಿ ಐದು ನಿಮಿಷ ತಿರುಗಿದರೆ ಹೋಗುವುದು ಮೂರೂವರೆ ಎಎಚ್, ಇನ್ವರ್ಟರಿನ ನಷ್ಟ ಸೇರಿಸಿದರೂ ನಾಲ್ಕು. ಬೈಯಬೇಕಾದ್ದು ಸದ್ದಿಲ್ಲದೆ ಉರಿಯುವುದನ್ನು.

ಫ್ರಿಜ್ ಕೂಡ ಸ್ವಲ್ಪ ಇಳಿಯಿತು. ಅದನ್ನು ಕಪಾಟಿನೊಳಗೆ ಇಕ್ಕಟ್ಟಾಗಿ ತುರುಕಿದ್ದರು, ಹಿಂದಿನ ಬಿಸಿಗಾಳಿ ಅಲ್ಲೇ ಸುತ್ತುತ್ತಿತ್ತು. ಕೆಳಗೊಂದು ಮೇಲೊಂದು ಜಾಲರಿ ಕೊಟ್ಟ ಮೇಲೆ 36ಕ್ಕೆ ಬಂತು. ಇನ್ವರ್ಟರಿನ ಚೂರುಪಾರು ಸೇರಿ ಒಟ್ಟು ಖರ್ಚು 120ರಿಂದ 78.

ಒಳಬರುವುದೆಷ್ಟು

ಇಲ್ಲಿತ್ತು ದೊಡ್ಡ ತೂತು. ನಡುಮಧ್ಯಾಹ್ನ ಟ್ರೇಲರನ್ನು ಬಯಲಿಗೆ ಎಳೆದು ನಿಲ್ಲಿಸಿ ಕ್ಲಾಂಪ್ ಮೀಟರ್ ಹಿಡಿದೆ. ಪ್ಯಾನೆಲಿನಿಂದ ಬರುವ ವೈರಿನಲ್ಲಿ 8.3 ಆಂಪಿಯರ್. ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜಿಂಗ್ ನೋಡಿಕೊಳ್ಳುವ ಕಂಟ್ರೋಲರಿನಿಂದ ಬ್ಯಾಟರಿಗೆ ಹೋಗುವ ವೈರಿನಲ್ಲೂ 8.3. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ.

ಛಾವಣಿಯಲ್ಲಿ ಹಾಕಿದ್ದು ಮನೆ ಮೇಲೆ ಹಾಕುವ 72 ಸೆಲ್‌ನ ಪ್ಯಾನೆಲ್. ಅದರ 330 ವ್ಯಾಟ್ ಬರುವುದು ಸುಮಾರು 37 ವೋಲ್ಟಿನಲ್ಲಿ 8.9 ಆಂಪಿಯರ್ ಕೊಟ್ಟಾಗ. ಕಂಟ್ರೋಲರ್ ಮಾತ್ರ ಅಗ್ಗದ ಪಿಡಬ್ಲ್ಯುಎಂ. ಅದು ಮಾಡುವುದಿಷ್ಟೆ: ಪ್ಯಾನೆಲನ್ನು ನೇರ ಬ್ಯಾಟರಿಗೆ ಕೂಡಿಸುವುದು, ತುಂಬಿದಾಗ ಬಿಡಿಸುವುದು. ಕೂಡಿಸಿದ ಕ್ಷಣ ಪ್ಯಾನೆಲಿನ 37 ವೋಲ್ಟ್ ಬ್ಯಾಟರಿಯ 13ಕ್ಕೆ ಇಳಿಯುತ್ತದೆ, ಆಂಪಿಯರ್ ಮಾತ್ರ ಇದ್ದಷ್ಟೇ. 13ನ್ನು 8.3ರಿಂದ ಗುಣಿಸಿದರೆ 108 ವ್ಯಾಟ್. 330ಕ್ಕೆ ದುಡ್ಡು ಕೊಟ್ಟವರಿಗೆ ಸಿಗುತ್ತಿದ್ದದ್ದು ಮೂರನೇ ಒಂದು ಪಾಲು. 12 ವೋಲ್ಟಿಗೆಂದೇ ಮಾಡಿದ 36 ಸೆಲ್‌ನ ಪ್ಯಾನೆಲ್ ಆಗಿದ್ದರೆ ಇದೇ ಕಂಟ್ರೋಲರ್ ಪರವಾಗಿರಲಿಲ್ಲ. ಮನೆಯ ಪ್ಯಾನೆಲ್ ವ್ಯಾಟಿನ ಲೆಕ್ಕದಲ್ಲಿ ಅಗ್ಗ ಅಂತ ತಂದು ಇದಕ್ಕೆ ಕಟ್ಟುವುದು ಈಗ ಎಲ್ಲ ಕಡೆ ಕಾಣುವ ಕಾಯಿಲೆ.

ಎಂಪಿಪಿಟಿ ಕಂಟ್ರೋಲರ್ ಪ್ಯಾನೆಲನ್ನು ಅದರ 37 ವೋಲ್ಟಿನ ಹತ್ತಿರವೇ ದುಡಿಸಿ, ಹೆಚ್ಚುವರಿ ವೋಲ್ಟೇಜನ್ನು ಆಂಪಿಯರಾಗಿ ಬದಲಾಯಿಸಿ ಬ್ಯಾಟರಿಗೆ ಕೊಡುತ್ತದೆ. 30 ಆಂಪಿಯರಿನದೊಂದು ಹಾಕಿ ಅದೇ ಜಾಗ, ಅದೇ ಬಿಸಿಲಲ್ಲಿ ಹಿಡಿದರೆ 18 ಆಂಪಿಯರ್. ಪೂರ್ತಿ 330 ಇಲ್ಲಿಯೂ ಬರುವುದಿಲ್ಲ. ಪ್ಯಾನೆಲ್ ಮೇಲಿನ ಬರಹ 25 ಡಿಗ್ರಿ ಉಷ್ಣತೆಯದು, ನಮ್ಮ ಬಿಸಿಲಲ್ಲಿ ಗಾಜಿನ ಕೆಳಗೆ 60 ದಾಟುತ್ತದೆ, ಒಂದೊಂದು ಡಿಗ್ರಿಗೂ ಶೇಕಡ 0.4ರಷ್ಟು ಕಡಿತ. ಧೂಳಿನದು ಬೇರೆ.

ಕಂಟ್ರೋಲರಿನ ಜೊತೆ ಬಂದ ಉಷ್ಣತೆಯ ಸೆನ್ಸರನ್ನು ಬ್ಯಾಟರಿಯ ಮೈಗೆ ಅಂಟಿಸಲೇಬೇಕು ಅಂತ ಹಟ ಹಿಡಿದೆ. ಪೆಟ್ಟಿಗೆಯೊಳಗೆ 40 ಡಿಗ್ರಿ ಇದ್ದರೆ ಚಾರ್ಜಿಂಗ್ ವೋಲ್ಟೇಜ್ ಸುಮಾರು 0.4 ವೋಲ್ಟಿನಷ್ಟು ಇಳಿಯಬೇಕು. ಇಳಿಸದಿದ್ದರೆ ನೀರು ಕುದಿದು ಹೋಗುತ್ತದೆ.

ಹಳೆ ಬ್ಯಾಟರಿಯನ್ನು ತೆಗೆದು ಗುಜರಿಗೆ ಕಳಿಸಿದೆವು. ಉಳಿದದ್ದು ಒಂದೇ, 150 ಎಎಚ್. ಮೇಷ್ಟ್ರು ಗಾಬರಿಯಾದರು. ಎರಡಿದ್ದಾಗಲೇ ಸಾಲದ್ದು ಒಂದರಲ್ಲಿ ಹೇಗೆ ಸಾಕಾಗುತ್ತದೆ? ಲೆಕ್ಕ ಸರಳ. ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು. ಒಂದರಲ್ಲಿ 75, ಎರಡರಲ್ಲಿ 150. ದಿನಕ್ಕೆ 120 ಹೋಗಿ 40ಕ್ಕಿಂತ ಹೆಚ್ಚು ಬರದ ಕಡೆ ಎರಡನೇ ಬ್ಯಾಟರಿ ಕೊಟ್ಟದ್ದು ಒಂದು ದಿನದ ವಾಯಿದೆ, ಅಷ್ಟೆ. ಅದೇ ಲೆಕ್ಕದಲ್ಲಿ 200 ಎಎಚ್‌ನವು ಇನ್ನರ್ಧ ದಿನ ಕೊಡುತ್ತಿದ್ದವು. ಮಳೆಯೇ ಇಲ್ಲದ ಊರಿನಲ್ಲಿ ಕೆರೆ ಅಗಲ ಮಾಡಿ ಏನು ಪ್ರಯೋಜನ?

ನೆರಳೋ ಬಿಸಿಲೋ

ಇಷ್ಟೆಲ್ಲ ಮಾಡಿದರೂ ಹುಣಸೆ ಮರ ಹಾಗೇ ನಿಂತಿತ್ತು. ಏಪ್ರಿಲ್‌ನಲ್ಲಿ ಆ ಬಯಲಲ್ಲಿ ತಗಡಿನ ಟ್ರೇಲರನ್ನು ಬಿಸಿಲಿಗೆ ನಿಲ್ಲಿಸಿ ಒಳಗಿರಿ ಅಂತ ಅರವತ್ತು ದಾಟಿದವರಿಗೆ ಹೇಳಲಾಗದು. ನೆರಳಲ್ಲಿ ನಿಲ್ಲಿಸಿದರೆ ಪ್ಯಾನೆಲ್ ಮಲಗುತ್ತದೆ. 72 ಸೆಲ್‌ಗಳು ಸಾಲಾಗಿ ಜೋಡಿಸಿರುವಂಥವು, 24ರ ಮೂರು ಗುಂಪು, ನೆರಳಾದ ಗುಂಪನ್ನು ಬಿಟ್ಟು ಕರೆಂಟ್ ಪಕ್ಕದಿಂದ ಹೋಗಲು ಗುಂಪಿಗೊಂದು ಬೈಪಾಸ್ ಡಯೋಡ್. ಒಂದು ಕೊಂಬೆಯ ನೆರಳು ಅಡ್ಡಡ್ಡ ಬಿದ್ದು ಮೂರೂ ಗುಂಪನ್ನು ಮುಟ್ಟಿದರೆ, ಉಳಿದ ಪ್ಯಾನೆಲ್ ಫಳಫಳ ಬಿಸಿಲಲ್ಲಿದ್ದರೂ ಎಲ್ಲವೂ ಆ ನೆರಳಿನ ಸೆಲ್‌ನ ಮಟ್ಟಕ್ಕೇ ಇಳಿಯುತ್ತದೆ. ಮರದಡಿ ಹಿಡಿದಾಗ ಸಿಕ್ಕಿದ್ದು 2 ಆಂಪಿಯರ್, ಕೆಲವೊಮ್ಮೆ 3.

ದಾರಿ ಒಂದೇ: ಟ್ರೇಲರ್ ನೆರಳಲ್ಲಿರಲಿ, ಪ್ಯಾನೆಲ್ ಬಿಸಿಲಿಗೆ ಹೋಗಲಿ. ಅಂಗಡಿಯೊಂದರಲ್ಲಿ ಅವರಿಗೆ 160 ವ್ಯಾಟಿನ 12 ವೋಲ್ಟ್ ಪ್ಯಾನೆಲ್ ತೋರಿಸಿ, ಇದನ್ನೇ ಹಳೆಯದಕ್ಕೆ ಪ್ಯಾರಲಲ್ ಕೊಡಿ ಅಂದಿದ್ದರಂತೆ. 18 ವೋಲ್ಟಿನದನ್ನು 37ರದಕ್ಕೆ ಪ್ಯಾರಲಲ್ ಕೊಟ್ಟರೆ ಎರಡರಲ್ಲೊಂದು ಸುಮ್ಮನಾಗುತ್ತದೆ. ಹಾಗಾಗಿ ಅದೇ ಜಾತಿಯ ಇನ್ನೊಂದು 330 ವ್ಯಾಟಿನದನ್ನೇ ತಂದು, ಮಡಚುವ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, 10 ಮೀಟರ್ ಉದ್ದದ 6 ಚದರ ಮಿಲಿಮೀಟರ್ ಸೋಲಾರ್ ಕೇಬಲ್ ಕೊಟ್ಟೆವು. 37 ವೋಲ್ಟಿನಲ್ಲಿ ಸಾಗುವುದರಿಂದ ಅಷ್ಟು ದೂರಕ್ಕೂ ನಷ್ಟ ಅರ್ಧ ವೋಲ್ಟು.

ಇದರ ತೊಂದರೆಯನ್ನೂ ಹೇಳಿಬಿಡುತ್ತೇನೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, 22 ಕೆಜಿ. ಇಬ್ಬರು ಹಿಡಿದು ಇಳಿಸಬೇಕು. ಪ್ರಯಾಣದಲ್ಲಿ ಎರಡು ಹಾಸಿಗೆಗಳ ನಡುವೆ ನಿಲ್ಲಿಸಿ ಬೆಲ್ಟ್ ಬಿಗಿಯಬೇಕು. ಬಯಲುಗಾಳಿ ಎದ್ದರೆ ಹಾಯಿಯಂತೆ ಎತ್ತಿ ಒಗೆಯುತ್ತದೆ, ನಾಲ್ಕೂ ಕಾಲಿಗೆ ಗೂಟ ಹೊಡೆದು ಹಗ್ಗ ಕಟ್ಟಲೇಬೇಕು. ಮೇಷ್ಟ್ರ ಹೆಂಡತಿ ಇದನ್ನು ನೋಡಿ, "ಗಂಟೆಗೊಂದು ಸಲ ಇದನ್ನ ಬಿಸಿಲಿಗೆ ತಿರುಗಿಸ್ಬೇಕಾ?" ಅಂದರು. ಬೇಡ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ ಸರಿಸಿದರೆ ಧಾರಾಳ. ಏಪ್ರಿಲ್ ಕೊನೆ ವಾರದಲ್ಲಿ ಇಲ್ಲಿ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ, ನಿಂತವರಿಗೆ ನೆರಳೇ ಬೀಳದ ದಿನ ಅದೇ ವಾರದಲ್ಲಿ. ಆಗ ಚಪ್ಪಟೆ ಮಲಗಿಸಿದರೂ ನಷ್ಟವಿಲ್ಲ.

ಆ ಏಪ್ರಿಲ್‌ನಲ್ಲಿ ಅವರು ನಾಲ್ಕು ದಿನ ಇದ್ದರು. ಮಾನಿಟರಿನ ದಾಖಲೆ ಪ್ರಕಾರ ಬೆಳಿಗ್ಗೆ ಏಳಕ್ಕೆ ಬ್ಯಾಟರಿ 42ರಿಂದ 45 ಎಎಚ್ ಕೆಳಗಿರುತ್ತಿತ್ತು, ಅಂದರೆ ಶೇಕಡ 70 ಉಳಿದಿರುತ್ತಿತ್ತು. ನೆಲದ ಪ್ಯಾನೆಲ್ ದಿನಕ್ಕೆ 80, ಮರದಡಿಯ ಛಾವಣಿ ಪ್ಯಾನೆಲ್ 12 ಕೊಟ್ಟವು. ಒಟ್ಟು 92. ಖರ್ಚು 78. ಹೆಚ್ಚಿಗೆ ಕಾಣುವ 14 ಮಿಗತೆಯೇನಲ್ಲ. ಸೀಸದ ಬ್ಯಾಟರಿ ತೆಗೆದುಕೊಂಡಷ್ಟನ್ನೂ ವಾಪಸು ಕೊಡುವುದಿಲ್ಲ, ಶೇಕಡ 15ರಷ್ಟು ತಾನೇ ನುಂಗುತ್ತದೆ. ಅಲ್ಲಿಗೆ ಸರಿಸಮ. ಸಂಜೆ ನಾಲ್ಕರ ಹೊತ್ತಿಗೆ ಕಂಟ್ರೋಲರ್ ಫ್ಲೋಟಿಗೆ, ಅಂದರೆ ತುಂಬಿದ್ದನ್ನು ಕಾಯ್ದುಕೊಳ್ಳುವ ವೋಲ್ಟೇಜಿಗೆ, ಇಳಿಯುತ್ತಿತ್ತು. ಮೊಸರೂ ಕೆಡಲಿಲ್ಲ.

ಕಾರಿನಿಂದ ಚಾರ್ಜ್

ಇದಕ್ಕೆ ಮೊದಲು ಅವರು ಮಾಡುತ್ತಿದ್ದ ಉಪಾಯ ರಾತ್ರಿ ಜೀಪ್ ಸ್ಟಾರ್ಟ್ ಮಾಡಿ ನಿಲ್ಲಿಸುವುದು. ಗಂಟೆಗಟ್ಟಲೆ ಡೀಸೆಲ್ ಸುಟ್ಟರೂ ಟ್ರೇಲರಿಗೆ ಹೋಗುತ್ತಿದ್ದದ್ದು 5 ಆಂಪಿಯರ್. ಜೀಪಿನ ಬಾನೆಟ್ಟಿನಿಂದ ಟ್ರೇಲರ್ ಬ್ಯಾಟರಿಗೆ 8 ಮೀಟರ್, ಹೋಗಿ ಬರುವುದು 16. ಕೊಟ್ಟಿದ್ದ ವೈರ್ 2.5 ಚದರ ಮಿಲಿಮೀಟರ್, ಅದರ ರೋಧ 0.11 ಓಮ್. 10 ಆಂಪಿಯರ್ ಹರಿಯಬೇಕೆಂದರೆ ದಾರಿಯಲ್ಲೇ 1.1 ವೋಲ್ಟ್ ಸೋರಿಹೋಗುತ್ತದೆ. ಜೀಪ್ 14.2 ಕೊಟ್ಟರೆ ಈಚೆಗೆ ಮುಟ್ಟುವುದು 13.1, ಅದರಿಂದ ಬ್ಯಾಟರಿ ತುಂಬದು. ಸಾಲದ್ದಕ್ಕೆ ಈಗಿನ ಅನೇಕ ಬಿಎಸ್-6 ಗಾಡಿಗಳಲ್ಲಿ ಕರೆಂಟ್ ಮಾಡುವ ಆಲ್ಟರ್ನೇಟರ್, ಗಾಡಿಯ ಬ್ಯಾಟರಿ ತುಂಬಿತು ಅನ್ನಿಸಿದರೆ ವೋಲ್ಟೇಜನ್ನೇ ಇಳಿಸಿಬಿಡುತ್ತದೆ.

ಸರಿಪಡಿಸಲು ಆಗದ್ದೇನಲ್ಲ. 16 ಚದರ ಮಿಲಿಮೀಟರಿನ ಕೇಬಲ್, ಎರಡೂ ತುದಿಗೆ ಫ್ಯೂಸ್, ಟ್ರೇಲರ್ ಕಡೆ, ಕಡಿಮೆ ಬಂದ ವೋಲ್ಟೇಜನ್ನು ಏರಿಸಿ ಬ್ಯಾಟರಿಗೆ ಕೊಡುವ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್. ಮೇಷ್ಟ್ರು ಮಾಡಿಸಲು ತಯಾರಿದ್ದರು, ಬೇಡ ಅಂದವನು ನಾನೇ. ತುಮಕೂರಿನಿಂದ ಮಧುಗಿರಿ ಮೇಲೆ ಅಲ್ಲಿಗೆ ಒಂದೂವರೆ ಗಂಟೆ ದಾರಿ. ಮನೆಯಿಂದ ತುಂಬಿದ ಬ್ಯಾಟರಿಯೊಂದಿಗೆ ಹೊರಟವರಿಗೆ ಆ ಒಂದೂವರೆ ಗಂಟೆಯ 30 ಎಎಚ್ ಎಲ್ಲಿ ಹಾಕಿಕೊಳ್ಳುವುದು? ದಿನಾ ಊರಿಂದೂರಿಗೆ ಓಡಾಡುವವರಿಗೆ ಅದು ಸೋಲಾರಿಗಿಂತ ಮೇಲು. ಒಂದೇ ಕಡೆ ಬೇರೂರಿ ಕೂರುವವರಿಗೆ ದಂಡ. ಆ ದುಡ್ಡಲ್ಲಿ ಮನೆಯ 13.6ರ ಚಾರ್ಜರ್ ಬದಲಿಗೆ, 14.4ಕ್ಕೆ ಏರಿಸಿ ನಿಲ್ಲಿಸಿ ಆಮೇಲೆ ಇಳಿಸುವ ಮೂರು ಹಂತದ ಚಾರ್ಜರ್ ಹಾಕಿದೆವು. ಕೆಲ ವಾರಗಳಲ್ಲಿ ಬ್ಯಾಟರಿಯ ಗ್ರ್ಯಾವಿಟಿ, ಅಂದರೆ ಹೈಡ್ರೋಮೀಟರ್ ತೋರಿಸುವ ಆ ಅಂಕಿ, 1.235ಕ್ಕೆ ಏರಿತು.

ಮೋಡದ ದಿನ

ಬಿಸಿಲಿನ ಲೆಕ್ಕ ಸರಿಹೋದದ್ದು ಬಿಸಿಲಿನ ಕಾಲಕ್ಕೆ. ಈ ಸೀಮೆಗೆ ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಕ್ಟೋಬರ್‌ನಲ್ಲಿ ಹೋದಾಗ ಎರಡು ದಿನ ಮೋಡ ಕವುಚಿಕೊಂಡು, ದಿನಕ್ಕೆ 30 ಎಎಚ್ ಬಂದರೆ ಹೆಚ್ಚು ಅನ್ನುವಂತಾಯಿತು. ತಣ್ಣಗಿದ್ದುದರಿಂದ ಫ್ಯಾನು ಬೇಕಾಗಲಿಲ್ಲ, ಫ್ರಿಜ್ಜೂ ಕಡಿಮೆ ಓಡಿತು, ಆದರೂ ಎರಡನೇ ಸಂಜೆಗೆ ಬ್ಯಾಟರಿ ಅರ್ಧದ ಹತ್ತಿರ ಬಂತು.

ಹೊಲದ ರೈತರು ಪಂಪ್‌ಸೆಟ್ ಲೈನಿನಿಂದಲೇ ಎಳೆದುಕೊಳ್ಳಿ ಅಂದರಂತೆ. ಒಳ್ಳೆ ಮನಸ್ಸಿನಿಂದಲೇ ಅಂದದ್ದು, ಆದರೆ ಮಾಡಬಾರದ್ದು. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಸರ್ಕಾರ ಕೊಡುವ ಉಚಿತ ಕರೆಂಟ್ ಅದು, ಬೇರೆ ಕೆಲಸಕ್ಕೆ ಬಳಸಿದರೆ ತೊಂದರೆಗೆ ಸಿಗುವವರು ಆ ರೈತರೇ. ಅಕ್ಕಪಕ್ಕದ ಮೋಟಾರುಗಳು ಒಟ್ಟಿಗೆ ಸ್ಟಾರ್ಟ್ ಆದಾಗ ವೋಲ್ಟೇಜ್ ಕುಸಿದು ನೆಗೆಯುವುದರಿಂದ ಚಾರ್ಜರಿಗೂ ಅಪಾಯ. ಮೇಷ್ಟ್ರು ಫೋನ್ ಮಾಡಿದಾಗ, ಟ್ರೇಲರನ್ನೇ ಅವರ ಮನೆ ಮುಂದೆ ನಿಲ್ಲಿಸಿ, ಮನೆ ಮೀಟರಿನಿಂದ ಒಂದು ರಾತ್ರಿ ಚಾರ್ಜ್ ಮಾಡಿ, ದುಡ್ಡು ಕೊಟ್ಟುಬಿಡಿ ಅಂದೆ. 20 ಆಂಪಿಯರಿನ ಚಾರ್ಜರ್ ಎಂಟು ಗಂಟೆ ಓಡಿದರೂ ಮೂರು ಯೂನಿಟ್ ದಾಟುವುದಿಲ್ಲ.

ಜನರೇಟರ್ ಯಾಕಿಲ್ಲ ಎಂದು ಯಾರಾದರೂ ಕೇಳುತ್ತಾರೆ. ಕೃಷ್ಣಮೃಗ ನೋಡಲು ಹೋಗಿ ಅದರ ಪಕ್ಕ ಜನರೇಟರ್ ಗುಡುಗಿಸಲು ಮೇಷ್ಟ್ರು ಒಪ್ಪುವುದಿಲ್ಲ, ಅದು ಸರಿಯೇ. ಬೇರೆ ಕಡೆ ಇಟ್ಟುಕೊಳ್ಳುವವರು ಒಂದು ನೆನಪಿಟ್ಟುಕೊಳ್ಳಲಿ. ಸಣ್ಣ ಪೆಟ್ರೋಲ್ ಜನರೇಟರುಗಳ ಮೇಲಿರುವ 12 ವೋಲ್ಟಿನ ಸಾಕೆಟ್ ಬ್ಯಾಟರಿ ತುಂಬಿಸುವ ಸಾಧನವಲ್ಲ. 230 ವೋಲ್ಟಿನ ಕಡೆಗೆ ಒಳ್ಳೆಯ ಚಾರ್ಜರ್ ಸಿಕ್ಕಿಸಿ, ಬೆಳಗಿನ ಹೊತ್ತು ಬ್ಯಾಟರಿ ಹೆಚ್ಚು ಖಾಲಿ ಇದ್ದಾಗ ಓಡಿಸಬೇಕು. ಆಗ ಅದು ಆಂಪಿಯರನ್ನು ಗಬಗಬ ನುಂಗುತ್ತದೆ. ಕೊನೆಯ ಶೇಕಡ 20ನ್ನು ತುಂಬಲು ಸೀಸದ ಬ್ಯಾಟರಿ ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ, ಅದನ್ನು ಬಿಸಿಲಿಗೆ ಬಿಡಬೇಕು.

ಲಿಥಿಯಂ ವಿಷಯವನ್ನೂ ಮೇಷ್ಟ್ರು ಎತ್ತಿದರು. 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 80ರಿಂದ 90 ಬಳಸಬಹುದು, ತೂಕ 12 ಕೆಜಿ ಆಸುಪಾಸು. ಈಗಿರುವ ಟ್ಯೂಬುಲರ್ 50 ಕೆಜಿ ಮೇಲಿದೆ, ಜೀಪ್ ಎಳೆಯುವ ಗಾಡಿಯಲ್ಲಿ ಅದು ಸಣ್ಣ ಮಾತಲ್ಲ. ಲಿಥಿಯಂ ಅರ್ಧ ತುಂಬಿದ್ದರೂ ಕೆಡುವುದಿಲ್ಲ, ಮೋಡದ ನಡುವೆ ಒಂದು ಗಂಟೆ ಬಿಸಿಲು ಬಂದರೆ ಸಿಕ್ಕಷ್ಟನ್ನೂ ತೆಗೆದುಕೊಳ್ಳುತ್ತದೆ. ಅಕ್ಟೋಬರಿನ ಕಷ್ಟಕ್ಕೆ ನಿಜವಾದ ಉತ್ತರ ಅದೇ. ಆದರೂ ಇದ್ದ ಬ್ಯಾಟರಿ ಸಾಯುವ ತನಕ ತಡೆಯಿರಿ ಅಂದಿದ್ದೇನೆ. ಹಾಕುವ ದಿನ ಕಂಟ್ರೋಲರಿನಲ್ಲಿ ಬ್ಯಾಟರಿಯ ಬಗೆ ಬದಲಾಯಿಸಬೇಕು, ಉಷ್ಣತೆಗೆ ವೋಲ್ಟೇಜ್ ಇಳಿಸುವ ವ್ಯವಸ್ಥೆಯನ್ನೂ ತೆಗೆಯಬೇಕು.

ಸದ್ಯಕ್ಕೆ ಬಾಕಿ ಇರುವುದು ಸ್ಟ್ಯಾಂಡಿನ ಕೆಲಸ. ಡಿಸೆಂಬರ್‌ನಲ್ಲಿ ಮೈದನಹಳ್ಳಿಯ ನಡುಮಧ್ಯಾಹ್ನವೂ ಸೂರ್ಯ ನೆತ್ತಿಯಿಂದ 37 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಮಲಗಿಸಿದ ಪ್ಯಾನೆಲಿಗೆ ಬೀಳುವುದು ಐದರಲ್ಲಿ ನಾಲ್ಕು ಪಾಲು. ಹಿಂಗಾಲಿಗೆ ಇನ್ನೊಂದು ತೂತು ಕೊರೆದು ಮೇಲೆತ್ತಿ ನಿಲ್ಲಿಸುವಂತೆ ಮಾಡಿಕೊಡಿ ಅಂತ ಮೇಷ್ಟ್ರು ಸ್ಟ್ಯಾಂಡನ್ನು ವೆಲ್ಡಿಂಗ್ ಅಂಗಡಿಗೆ ಕೊಟ್ಟಿದ್ದಾರೆ.